ಸಿಮ್ಯುಲೇಶನ್‌ನಲ್ಲಿ ನೀಟಾಗಿ ಬಂದ ಗೆರೆ ನಂಬಿ ಕೆಟ್ಟೆ

ಫೈನಲ್ ಇಯರ್ ಪ್ರಾಜೆಕ್ಟಿಗೆ ಚುವಾ ಸರ್ಕ್ಯೂಟ್ ತೆಗೆದುಕೊಂಡವರು ಇದನ್ನು ಓದಿಬಿಡಿ. ನನ್ನದು ಒಂದು ತಿಂಗಳು ಹಾಳಾಯಿತು.

ಲಿಯಾನ್ ಚುವಾ 1983ರಲ್ಲಿ ರೂಪಿಸಿದ ಈ ಸರ್ಕ್ಯೂಟ್ ನೋಡಲು ಪುಟ್ಟದು. ನಾನು ಹಾಕಿದ್ದು 18 ಮಿಲಿಹೆನ್ರಿ ಇಂಡಕ್ಟರ್, 10 ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್, ಒಂದು ಪಾಟ್ (ತಿರುಗಿಸಿ ಬೆಲೆ ಬದಲಾಯಿಸುವ ರೆಸಿಸ್ಟರ್), ಮತ್ತೆ ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್‌ನಿಂದ ಮಾಡಿದ ನಾನ್‌ಲೀನಿಯರ್ ರೆಸಿಸ್ಟರ್. ಪಾಟ್ ತಿರುಗಿಸುತ್ತಾ ಹೋದರೆ ಆಸಿಲೋಸ್ಕೋಪಿನ ಪರದೆಯಲ್ಲಿ ಒಂದು ಸುತ್ತು ಎರಡಾಗಬೇಕು, ನಾಲ್ಕಾಗಬೇಕು, ಆಮೇಲೆ ಕೇಯಾಸ್, ಅಂದರೆ ಎಂದೂ ಮರುಕಳಿಸದ ಅಲೆ.

ಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರಿನಲ್ಲಿ ಬಂದದ್ದು ಸೊನ್ನೆಯ ಮೇಲೆ ಮಲಗಿದ ಗೆರೆ. ಬೆಲೆಗಳೇ ತಪ್ಪು ಅಂದುಕೊಂಡು ಒಂದು ವಾರ ಅವನ್ನೇ ಬದಲಾಯಿಸಿದೆ. ಅಸಲಿಗೆ ಎಲ್ಲ ವೋಲ್ಟೇಜೂ ಸೊನ್ನೆ ಅನ್ನುವುದೂ ಸಮೀಕರಣಕ್ಕೆ ಒಂದು ಸರಿಯಾದ ಉತ್ತರ. ನಿಜವಾದ ಬೋರ್ಡಿನಲ್ಲಿ ನಾಯ್ಸ್ ಒಂದಿಷ್ಟು ಅಲುಗಾಡಿಸುತ್ತದೆ, ಸಿಮ್ಯುಲೇಟರಿನಲ್ಲಿ ಅಲುಗಾಡಿಸುವವರು ಯಾರೂ ಇಲ್ಲ. ಕೆಪಾಸಿಟರಿಗೆ ಶುರುವಿನಲ್ಲೇ 1 ಮಿಲಿವೋಲ್ಟ್ ಕೊಟ್ಟೆ. ಓಡಿತು.

ದೊಡ್ಡ ಪೆಟ್ಟು ಬಿದ್ದದ್ದು ಇದಾದ ಮೇಲೆ. ಸಿಮ್ಯುಲೇಟರ್ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಟ್ರಾಪಿಜಾಯ್ಡಲ್ ವಿಧಾನದಲ್ಲಿ ಅಲ್ಲಲ್ಲಿ ಗರಗಸದ ಹಲ್ಲಿನಂಥ ಏರಿಳಿತ ಕಂಡಿತು. ಸೀನಿಯರ್ ಒಬ್ಬರು ‘ಗೇರ್ ಹಾಕು, ಹೋಗುತ್ತೆ’ ಅಂದರು (ಗೇರ್ ಅನ್ನುವುದು ಇನ್ನೊಂದು ಲೆಕ್ಕದ ವಿಧಾನ, ಮನುಷ್ಯರ ಹೆಸರಿನದು, ನಾನು ಬೈಕಿನದು ಅಂದುಕೊಂಡಿದ್ದೆ). ಹಾಕಿದೆ, ಹೋಯಿತು. ಬೇಗ ಮುಗಿಯಲಿ ಅಂತ ಸ್ಟೆಪ್ (ಒಂದೊಂದು ಹೆಜ್ಜೆಯ ಕಾಲ) 20 ಮೈಕ್ರೋಸೆಕೆಂಡ್ ಮಾಡಿ ಟಾಲರೆನ್ಸೂ (ಎಷ್ಟು ತಪ್ಪು ನಡೆಯುತ್ತದೆ ಅನ್ನುವ ಮಿತಿ) ಸಡಿಲ ಬಿಟ್ಟೆ. ಆಂದೋಲನದ ಒಂದು ಸುತ್ತೇ ಸುಮಾರು 270 ಮೈಕ್ರೋಸೆಕೆಂಡ್. ಅಂದರೆ ಸುತ್ತಿಗೆ ಬರೀ 13 ಬಿಂದು! ಗೇರ್ ವಿಧಾನ ಅಷ್ಟು ದೊಡ್ಡ ಹೆಜ್ಜೆಯಲ್ಲಿ ಆಂದೋಲನವನ್ನು ತಾನೇ ಕುಗ್ಗಿಸುತ್ತದೆ, ಸರ್ಕ್ಯೂಟಿನಲ್ಲಿ ಇಲ್ಲದ ರೆಸಿಸ್ಟರ್ ಒಂದನ್ನು ಕದ್ದು ಇಟ್ಟ ಹಾಗೆ. ಎಷ್ಟು ಓಮ್‌ಗೆ ಸುತ್ತು ಎರಡಾಗುತ್ತದೆ ಅಂತ ನಾನು ಮಾಡಿದ ಟೇಬಲ್ ಪೂರ್ತಿ ಆ ಕಳ್ಳ ರೆಸಿಸ್ಟರಿನದು.

ಗೈಡ್ ಟೇಬಲ್ ನೋಡಿ ಕೇಳಿದ್ದು ಒಂದೇ ಮಾತು: ‘ಸ್ಟೆಪ್ ಅರ್ಧ ಮಾಡಿ ನೋಡಿದ್ಯಾ?’ ನೋಡಿದೆ. ಒಂದು ಸಂಖ್ಯೆಯೂ ನಿಲ್ಲಲಿಲ್ಲ.

ಮೆಕ್ಯಾನಿಕಲ್‌ನ ರೂಮ್‌ಮೇಟ್ ಕಥೆಯೂ ಇದೇ. ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗದ ಮುಂದೆ ದ್ರವದ ಅಂಟು ಎಷ್ಟು ಕಡಿಮೆ ಅನ್ನುವ ಅಳತೆ) 100ರಲ್ಲಿ ಸಿಲಿಂಡರ್ ಸುತ್ತ ಹರಿವು ಹಾಕಿದ್ದ. ಆ ಸಂಖ್ಯೆ ಸುಮಾರು 47 ದಾಟಿದರೆ ಹಿಂದೆ ಸುಳಿಗಳು ಸರದಿಯಂತೆ ಕಳಚಿಕೊಳ್ಳಬೇಕು. ಅವನದು ಒರಟು ಮೆಶ್ (ಲೆಕ್ಕದ ಜಾಲರಿ), ಫಸ್ಟ್ ಆರ್ಡರ್ ಅಪ್‌ವಿಂಡ್ ಎಂಬ ಸರಳ ಲೆಕ್ಕದ ಸ್ಕೀಮ್. ಆ ಸ್ಕೀಮ್ ನೀರನ್ನೇ ಎಣ್ಣೆ ಮಾಡಿಬಿಟ್ಟಿತ್ತು, ಸುಳಿಯ ಸುದ್ದಿಯೇ ಇಲ್ಲ. ‘ಸ್ಟೆಡಿ ಫ್ಲೋ’ ಅಂತ ಬರೆದುಕೊಂಡಿದ್ದ ಪಾಪ.

ಇನ್ನೊಂದು. ಕೇಯಾಸ್ ಇರುವ ಕಡೆ ಸ್ಟೆಪ್ ಅರ್ಧ ಮಾಡಿದರೆ ಅಲೆಗಳು ಹೇಗೂ ಬೇರೆಯಾಗುತ್ತವೆ. ನಾನು ಅಲ್ಲೂ ಗಾಬರಿಯಾಗಿ ಎರಡು ದಿನ ಕಳೆದೆ. 0.506127 ಬದಲು 0.506 ಕೊಟ್ಟಿದ್ದಕ್ಕೇ ಹವಾಮಾನ ವಿಜ್ಞಾನಿ ಲೊರೆಂಜ್ ಅವರ ಕಂಪ್ಯೂಟರಿನ ಹವಾಮಾನ ಬೇರೆ ದಾರಿ ಹಿಡಿದಿತ್ತು, ಅಲ್ವಾ? ಅಲ್ಲಿ ಬಿಂದುವಿಗೆ ಬಿಂದು ಹೋಲಿಸಬೇಡಿ. ಆಕಾರ ನೋಡಿ, ಸುತ್ತು ಎರಡಾಗುವ ಓಮ್ ನೋಡಿ.

ಹಾಗೇ ಇಂಡಕ್ಟರಿನ ತಂತಿಗೂ ರೆಸಿಸ್ಟೆನ್ಸ್ ಇರುತ್ತದೆ, ಅದನ್ನೂ ಮಾಡೆಲ್‌ಗೆ ಸೇರಿಸಿ. ನನಗೆ ಅದು ನೆನಪಾಗಿದ್ದು ವೈವಾದ ಹಿಂದಿನ ರಾತ್ರಿ.