ನಕ್ಷೆ ಬಿಡಿಸುತ್ತ ಸಾಗುವ ಆಟ: ‘ಡಾನ್ ಆಫ್ ಸಾರೋ’ ವಿಮರ್ಶೆ

ಕೊನಾಮಿ ಸಂಸ್ಥೆಯು 2005ರಲ್ಲಿ ನಿಂಟೆಂಡೊ ಡಿಎಸ್ ಎಂಬ ಎರಡು ಪರದೆಗಳ ಕೈಯಂತ್ರಕ್ಕೆಂದು ಹೊರತಂದ ‘ಕ್ಯಾಸಲ್‌ವೇನಿಯಾ: ಡಾನ್ ಆಫ್ ಸಾರೋ’ ಆಟವು 2024ರ ‘ಡಾಮಿನಸ್ ಕಲೆಕ್ಷನ್’ ಸಂಕಲನದ ಮೂಲಕ ಸ್ವಿಚ್ ಮುಂತಾದ ಹೊಸ ಯಂತ್ರಗಳಿಗೂ ಬಂದಿದೆ. ಹಳೆಯ ಡಿಎಸ್‌ನಲ್ಲಿಯೂ ಸ್ವಿಚ್‌ನಲ್ಲಿಯೂ ಇದನ್ನು ಆಡಿ ನೋಡಿದ್ದೇನೆ. ಆಡಿದ್ದು ಬಹುಪಾಲು ಮುಂಬೈಯ ಡೊಂಬಿವಲಿ ಮತ್ತು ಸಿಎಸ್‌ಎಂಟಿ ನಿಲ್ದಾಣಗಳ ನಡುವಿನ ಲೋಕಲ್ ರೈಲಿನಲ್ಲಿ, ಅದರಲ್ಲೂ ಹೆಚ್ಚಾಗಿ ಮೂವರ ಬೆಂಚಿನ ತುದಿಯಲ್ಲಿ ಅರ್ಧ ಮೈ ಹೊರಗೇ ಉಳಿಯುವ ಆ ಪ್ರಸಿದ್ಧ ನಾಲ್ಕನೆಯ ಸೀಟಿನಲ್ಲಿ. ಕೈಯಲ್ಲಿ ಹಿಡಿದು ಆಡುವ ಆಟವನ್ನು ಸೋಫಾದ ಮೇಲೆ ಕುಳಿತು ಪರೀಕ್ಷಿಸುವುದಕ್ಕಿಂತ ಇಂಥ ಜಾಗದಲ್ಲಿ ಪರೀಕ್ಷಿಸುವುದೇ ನ್ಯಾಯವೆಂದು ನನ್ನ ಎಣಿಕೆ.

ಕಥೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 2003ರ ‘ಏರಿಯಾ ಆಫ್ ಸಾರೋ’ದ ಮುಂದುವರಿಕೆಯಾದ ಇದು 2036ರಲ್ಲಿ ನಡೆಯುತ್ತದೆ. ಡ್ರಾಕುಲಾನ ಶಕ್ತಿಯನ್ನು ಪಡೆದು ಹುಟ್ಟಿದ ಸೋಮಾ ಕ್ರೂಜ್ ಎಂಬ ಯುವಕನನ್ನು ಮುಗಿಸಿ, ಆ ಸ್ಥಾನಕ್ಕೆ ಹೊಸಬನನ್ನು ಕೂರಿಸಲು ಒಂದು ಪಂಥ ಹವಣಿಸುತ್ತಿರುತ್ತದೆ. ಆ ಪಂಥದ ಕೋಟೆಯೊಳಗೇ ಆಟ ನಡೆಯುತ್ತದೆ. ಸಂಭಾಷಣೆಗಳು ಸಾಧಾರಣ. ಹಿಂದಿನ ಆಟಗಳಲ್ಲಿ ಅಯಾಮಿ ಕೋಜಿಮಾ ಬಿಡಿಸಿದ್ದ ಗಂಭೀರ ಮುಖಗಳ ಜಾಗದಲ್ಲಿ ಇಲ್ಲಿ ಅನಿಮೆ ಶೈಲಿಯ ಚಿತ್ರಗಳಿದ್ದು, ಅವು ಕೋಟೆಯ ಕತ್ತಲೆಗೆ ಹೊಂದುವುದಿಲ್ಲ.

ಆಟದ ನಿಜವಾದ ಬಲವಿರುವುದು ಆತ್ಮಗಳ ವ್ಯವಸ್ಥೆಯಲ್ಲಿ. ನೂರಕ್ಕೂ ಹೆಚ್ಚು ಬಗೆಯ ಶತ್ರುಗಳಿದ್ದು, ಯಾವುದನ್ನೇ ಕೊಂದರೂ ಆಗೊಮ್ಮೆ ಈಗೊಮ್ಮೆ ಅದರ ಆತ್ಮವು ಹೊರಬಂದು ಸೋಮಾನನ್ನು ಸೇರುತ್ತದೆ. ಕೆಂಪು ಆತ್ಮವನ್ನು ಅಸ್ತ್ರದಂತೆ ಪ್ರಯೋಗಿಸಬಹುದು. ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ನೀಲಿ ಆತ್ಮವು ಕೆಲಸ ಮಾಡುತ್ತದೆ. ಹಳದಿಯದು ಸದ್ದಿಲ್ಲದೆ ಮೈಗೆ ಬಲ ತುಂಬುತ್ತದೆ. ಬೂದು ಬಣ್ಣದ್ದು ಸೋಮಾನಿಗೆ ಹೊಸ ಸಾಮರ್ಥ್ಯವನ್ನೇ ಕೊಡುತ್ತದೆ. ಮೊದಲ ಮೂರು ಬಗೆಗಳಲ್ಲಿ ಒಂದೊಂದನ್ನು ಮಾತ್ರ ಏಕಕಾಲಕ್ಕೆ ಧರಿಸಲು ಸಾಧ್ಯವಿರುವುದರಿಂದ, ಪ್ರತಿಯೊಂದು ಕೋಣೆಯ ಮುಂದೆ ಯಾವುದನ್ನು ತೊಡಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕಾಚಾರ ಆಟಗಾರನ ಪಾಲಿಗೆ ಉಳಿಯುತ್ತದೆ. ಸೋಮಾನ ಪ್ರತಿರೂಪದಂತಿರುವ ಶತ್ರು ಡಾಪೆಲ್‌ಗ್ಯಾಂಗರ್‌ನ ಆತ್ಮ ದೊರೆತ ಮೇಲೆ ಎರಡು ಜೋಡಣೆಗಳನ್ನು ಸಿದ್ಧವಿಟ್ಟುಕೊಂಡು ಒಂದೇ ಗುಂಡಿಯಿಂದ ಅದಲುಬದಲು ಮಾಡಬಹುದಾಗಿದ್ದು, ಅಲ್ಲಿಂದ ಮುಂದೆ ಹೋರಾಟದ ವೇಗವೇ ಬೇರೆಯಾಗುತ್ತದೆ.

ಇದೇ ಆತ್ಮಗಳು ನಕ್ಷೆಯ ಬೀಗದ ಕೈಗಳೂ ಆಗಿರುವುದು ವಿನ್ಯಾಸಕಾರರ ಜಾಣತನ. ಆರಂಭದಲ್ಲಿ ತಲೆಯ ಮೇಲೆ ಕಾಣುತ್ತಿದ್ದರೂ ಕೈಗೆಟುಕದೆ ಅಣಕಿಸಿದ ಕಟ್ಟೆಯನ್ನು, ಮಾಲ್ಫಾಸ್ ಎಂಬ ಶತ್ರುವನ್ನು ಸೋಲಿಸಿ ಗಾಳಿಯಲ್ಲಿ ಎರಡನೆಯ ಬಾರಿ ಜಿಗಿಯುವ ಸಾಮರ್ಥ್ಯ ಪಡೆದ ಮೇಲೆ ಹತ್ತಬಹುದು. ರಾಹಬ್‌ನ ಆತ್ಮ ಸಿಕ್ಕ ಮೇಲೆ ನೀರಿನೊಳಗೆ ಸಲೀಸಾಗಿ ಓಡಾಡಬಹುದು. ಮುಂದೆ ಎಲ್ಲಿಗೆ ಹೋಗಬೇಕೆಂದು ಬಾಣ ತೋರಿಸುವವರು ಇಲ್ಲಿ ಯಾರೂ ಇಲ್ಲ. ಡಿಎಸ್‌ನ ಮೇಲಿನ ಪರದೆಯಲ್ಲಿ ನಕ್ಷೆ ಸದಾ ತೆರೆದಿರುವುದರಿಂದ, ಅರ್ಧಕ್ಕೆ ನಿಂತ ಗೆರೆಯೊಂದನ್ನು ನೋಡಿದೊಡನೆ ‘ಅಲ್ಲಿ ಏನೋ ಬಾಕಿ ಇದೆ’ ಎಂದು ಮನಸ್ಸು ತಾನಾಗಿ ಆ ಕಡೆ ಎಳೆಯುತ್ತದೆ. ಆಟ ನಿಲ್ಲಿಸಿ ಪಟ್ಟಿ ತೆರೆಯದೆಯೇ ನಕ್ಷೆ ಕಣ್ಣಿಗೆ ಬೀಳುವ ಈ ಏರ್ಪಾಡು ಎರಡು ಪರದೆಗಳ ಅತ್ಯುತ್ತಮ ಉಪಯೋಗವೆಂದು ನಾನು ಭಾವಿಸುತ್ತೇನೆ.

ಒಂದೇ ಆತ್ಮವನ್ನು ಒಂಬತ್ತರವರೆಗೆ ಕೂಡಿಡಬಹುದು. ಕೂಡಿಟ್ಟಷ್ಟೂ ಅದರ ಪ್ರಭಾವ ಹೆಚ್ಚುತ್ತದೆ. ಆದರೆ ಸೋಮಾನ ಜೊತೆಗಾತಿ, ಮಾಟಗಾತಿ ಯೋಕೊಳ ಬಳಿ ಆಯುಧವನ್ನು ಮೇಲ್ದರ್ಜೆಗೆ ಏರಿಸಿಕೊಳ್ಳಬೇಕಾದರೆ ಆತ್ಮಗಳನ್ನೇ ತೆರಬೇಕು, ತೆತ್ತದ್ದು ಮರಳಿ ಬರುವುದಿಲ್ಲ. ಹೀಗೆ ಮಾಯಾಶಕ್ತಿಯನ್ನು ಬೆಳೆಸುವುದೋ ಖಡ್ಗವನ್ನು ಬೆಳೆಸುವುದೋ ಎಂಬ ಇಕ್ಕಟ್ಟು ಕೊನೆಯವರೆಗೂ ಜೀವಂತವಾಗಿರುತ್ತದೆ. ಇದರ ಇನ್ನೊಂದು ಮುಖವೂ ಇದೆ. ಅಪರೂಪದ ಆತ್ಮವೊಂದು ಬೇಕಾದಾಗ ಅದೇ ಶತ್ರುವನ್ನು ಕೊಂದು, ಬಾಗಿಲು ದಾಟಿ, ಮರಳಿ ಬಂದು ಮತ್ತೆ ಕೊಲ್ಲುವ ಕೆಲಸ ಕ್ರಮೇಣ ಬೇಸರ ಹುಟ್ಟಿಸುತ್ತದೆ. ಹ್ಯಾಮರ್‌ನ ಅಂಗಡಿಯಲ್ಲಿ ದೊರೆಯುವ, ಆತ್ಮ ಸಿಗುವ ಸಾಧ್ಯತೆಯನ್ನು ಹೆಚ್ಚಿಸುವ ಉಂಗುರವು ಸ್ವಲ್ಪ ನೆರವಾಗುತ್ತದೆ, ಆದರೆ ಅದರ ಬೆಲೆಯೋ ಎದೆ ಒಡೆಯುವಷ್ಟು.

ಆಯುಧಗಳ ತೂಕವನ್ನು ಕೈ ಬೇಗ ಗುರುತಿಸುತ್ತದೆ. ದೊಡ್ಡ ಖಡ್ಗವು ತಲೆಯ ಮೇಲಿನಿಂದ ಅಗಲವಾಗಿ ಬೀಸಿ ಬರುವುದರಿಂದ ಮೇಲಿನಿಂದ ಎರಗುವ ಶತ್ರುಗಳಿಗೆ ತಕ್ಕದ್ದು, ಆದರೆ ಬೀಸಿದ ಮೇಲೆ ಅರೆಕ್ಷಣ ಸೋಮಾ ಅಸಹಾಯಕನಾಗಿ ನಿಲ್ಲುತ್ತಾನೆ. ಈಟಿ ದೂರಕ್ಕೆ ಮುಟ್ಟುತ್ತದೆ, ಅಗಲಕ್ಕೆ ಅಲ್ಲ. ಹೊಡೆದೊಡನೆ ಯಂತ್ರದ ಎಡಭುಜದ ಗುಂಡಿ ಒತ್ತಿ ಹಿಂದಕ್ಕೆ ಜಾರುವ ಚಲನೆಯನ್ನು ರೂಢಿಸಿಕೊಂಡವರಿಗೆ ಬಾಸ್‌ಗಳ, ಅಂದರೆ ಅಲ್ಲಲ್ಲಿ ಎದುರಾಗುವ ಬಲಾಢ್ಯ ಮುಖ್ಯ ಶತ್ರುಗಳ, ಕಾಳಗ ಒಂದು ಹದಕ್ಕೆ ಬರುತ್ತದೆ.

ಇನ್ನು ಮಂತ್ರಮುದ್ರೆಯ ವಿಚಾರ. ಬಾಸ್‌ನ ಬಲವೆಲ್ಲ ಮುಗಿದ ಕೂಡಲೇ ಪರದೆಯ ಮೇಲೆ ಮೂಡುವ ಮುದ್ರೆಯನ್ನು ಸ್ಟೈಲಸ್ ಎಂಬ ಕಡ್ಡಿ ಹಿಡಿದು ಗಡುವಿನೊಳಗೆ ಎಳೆಯಬೇಕು. ತಪ್ಪಿದರೆ ಬಾಸ್ ಚೇತರಿಸಿಕೊಂಡು ಎದ್ದು ನಿಲ್ಲುತ್ತಾನೆ. ಎರಡು ಕೈಗಳಿಂದ ಗುಂಡಿ ಒತ್ತುತ್ತಿದ್ದವನು ಆ ಕ್ಷಣಕ್ಕೆ ಕಡ್ಡಿಗಾಗಿ ತಡಕಾಡಬೇಕಾಗುತ್ತದೆ. ಕುರ್ಲಾದ ಬಳಿ ಗಾಡಿ ಹಳಿ ಬದಲಿಸುವಾಗ ಈ ಕೆಲಸ ಮಾಡಿ ನೋಡಿದವರಿಗೆ ಇದರ ದೋಷವನ್ನು ವಿವರಿಸಬೇಕಾಗಿಲ್ಲ. ಕಾಳಗದಲ್ಲಿ ಗಳಿಸಿದ ಗೆಲುವನ್ನು ಅದಕ್ಕೆ ಸಂಬಂಧವೇ ಇಲ್ಲದ ಕೌಶಲ್ಯವೊಂದು ಕಸಿದುಕೊಳ್ಳುವುದು ಕೆಟ್ಟ ವಿನ್ಯಾಸ. ಸ್ಪರ್ಶಪರದೆ ಹೊಸದಾಗಿದ್ದ ಕಾಲದ ಉಮೇದು ಎಂದು ಅದನ್ನು ಮನ್ನಿಸಬಹುದು, ಮೆಚ್ಚಲಾಗದು. ಡಾಮಿನಸ್ ಸಂಕಲನದಲ್ಲಿ ಮುದ್ರೆಯ ಬದಲು ಗುಂಡಿಗಳನ್ನು ಒತ್ತಿ ಮುಗಿಸುವ ಅವಕಾಶವಿರುವುದರಿಂದ ಈ ಕಾಟ ತಪ್ಪಿದೆ.

ಆ ಸಂಕಲನದಲ್ಲಿ ಎಲ್ಲಿ ಬೇಕಾದರೂ ಆಟವನ್ನು ಉಳಿಸುವ, ಕೆಲವು ಕ್ಷಣ ಹಿಂದಕ್ಕೆ ಹೋಗುವ ಸೌಲಭ್ಯಗಳಿವೆ. ಎದುರಿನವರ ಮೊಣಕೈ ತಾಗಿ ಸತ್ತಾಗ ಹಿಂದಕ್ಕೆ ಹೋಗುವ ಸೌಲಭ್ಯವನ್ನು ನಾನು ಸಂಕೋಚವಿಲ್ಲದೆ ಬಳಸುತ್ತೇನೆ, ಆದರೆ ಆತ್ಮ ಸಿಗುವವರೆಗೆ ಅದೇ ಕ್ಷಣವನ್ನು ಮರುಕಳಿಸುತ್ತ ಕುಳಿತರೆ ಕೊರತೆಯ ಮೇಲೆ ನಿಂತ ಆಟದ ಬುನಾದಿಯೇ ಸಡಿಲವಾಗುತ್ತದೆ. ಎರಡು ಪರದೆಗಳನ್ನು ಒಂದರಲ್ಲಿಯೇ ಹೊಂದಿಸಿರುವುದರಿಂದ ಸ್ವಿಚ್‌ನಲ್ಲಿ ನಕ್ಷೆ ಚಿಕ್ಕದಾಗಿದ್ದು, ಕನ್ನಡಕದವರು ಪರದೆಯ ವಿನ್ಯಾಸವನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಮಿಚಿರು ಯಮಾನೆ ಮತ್ತು ಸಂಗಡಿಗರ ಸಂಗೀತಕ್ಕಾಗಿ ಇಯರ್‌ಫೋನ್ ಮರೆಯಬಾರದು.

ಆಟ ಮುಗಿಸಿದವರಿಗೆ ತೆರೆದುಕೊಳ್ಳುವ ಜೂಲಿಯಸ್ ವಿಧಾನದಲ್ಲಿ ರಕ್ತಪಿಶಾಚಿ ಬೇಟೆಗಾರ ಜೂಲಿಯಸ್, ಯೋಕೊ ಮತ್ತು ಡ್ರಾಕುಲಾನ ಮಗ ಅಲುಕಾರ್ಡ್ ಅದೇ ಕೋಟೆಯನ್ನು ಸುತ್ತುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗುತ್ತ ಆಡುವುದು ಲವಲವಿಕೆಯ ಸಂಗತಿಯೇ. ಆದರೆ ಅಲ್ಲಿ ಆತ್ಮಗಳನ್ನು ಸಂಗ್ರಹಿಸುವ ಕೆಲಸವಿಲ್ಲದ ಕಾರಣ ಮೂಲೆಯ ಕೋಣೆಗಳಿಗೆ ನುಗ್ಗುವ ಆಸೆ ನನಗೆ ಹುಟ್ಟಲಿಲ್ಲ. ಒಂದು ಬಾಸ್‌ನಿಂದ ಮುಂದಿನ ಬಾಸ್‌ನತ್ತ ನೇರವಾಗಿ ಓಡಿದ್ದೇ ಹೆಚ್ಚು.