ಮೌಂಟನ್ ಲಾರೆಲ್ ನೆಡಿಸುವವರೇ, ‘ಚಳಿಗೆ ಸತ್ತಿತು’ ಅಂದರೆ ನಂಬಬೇಡಿ

ಕನೆಕ್ಟಿಕಟ್, ಪೆನ್ಸಿಲ್ವೇನಿಯಾ ಕಡೆ ಮನೆ ಕೊಂಡಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆ ಮುಂದೆ ಮೌಂಟನ್ ಲಾರೆಲ್ ಹಾಕಿಸೋಣ ಅಂತ ಯೋಚನೆ ಇದ್ದರೆ, ದುಡ್ಡು ಕೊಡುವ ಮುಂಚೆ ದಯವಿಟ್ಟು ಓದಿ. ನಮ್ಮ ಮನೆ ಮುಂದೆ ನೆಡಿಸಿದ ಸಾಲಿನಲ್ಲಿ ಒಂದು ಗಿಡವೂ ಉಳಿಯಲಿಲ್ಲ. ನೆಟ್ಟುಕೊಟ್ಟ ಲ್ಯಾಂಡ್‌ಸ್ಕೇಪಿಂಗ್‌ನವರು ‘ಚಳಿಗೆ ಸತ್ತಿವೆ, ಚಳಿಯ ಹಾನಿಗೆ ಗ್ಯಾರಂಟಿ ಇಲ್ಲ’ ಅಂತ ಕೈ ಎತ್ತಿಬಿಟ್ಟರು. ಸಾವಿರ ಡಾಲರಿಗೂ ಜಾಸ್ತಿ ಹೋಯಿತು. ದುಡ್ಡಿಗಿಂತ ನನಗೆ ನೋವಾಗಿದ್ದು ಆ ಮಾತಿನಿಂದ. ಯಾಕೆಂದರೆ ಅದು ಸುಳ್ಳು.

ಮೌಂಟನ್ ಲಾರೆಲ್ ಇಲ್ಲಿನ ಕಾಡಿನದೇ ಪೊದೆ. ಅಮೆರಿಕದ ಪೂರ್ವ ಭಾಗದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ಕನೆಕ್ಟಿಕಟ್ 1907ರಲ್ಲಿ, ಪೆನ್ಸಿಲ್ವೇನಿಯಾ 1933ರಲ್ಲಿ ಇದನ್ನು ರಾಜ್ಯದ ಹೂವಾಗಿ ಆರಿಸಿಕೊಂಡವು. ಹಿಮದ ನಡುವೆಯೂ ಎಲೆ ಉದುರುವುದಿಲ್ಲ. ಮೇ ಕೊನೆಗೆ, ಜೂನ್‌ನಲ್ಲಿ ಬಿಳಿ, ತಿಳಿಗುಲಾಬಿ ಗೊಂಚಲು. ಹೂವನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಹತ್ತು ಕೇಸರಗಳ ತುದಿಗಳು ಎಸಳಿನ ಪುಟ್ಟ ಗುಳಿಗಳಲ್ಲಿ ಸಿಕ್ಕಿಕೊಂಡು ಬಾಗಿರುತ್ತವೆ. ದುಂಬಿ ಬಂದು ಕೂತರೆ ಟಪ್ ಅಂತ ಬಿಡಿಸಿಕೊಂಡು ಅದರ ಮೈಮೇಲೆ ಪರಾಗ ಎರಚುತ್ತವೆ. ಅದಕ್ಕೇ ಈ ಗಿಡ ಬೇಕು ಅಂತ ನಮಗೆ ಅಷ್ಟು ಆಸೆ ಇದ್ದದ್ದು.

ಅಮೆರಿಕದಲ್ಲಿ ಚಳಿಗಾಲದ ಚಳಿ ನೋಡಿ ಊರುಗಳನ್ನು ವಲಯಗಳಾಗಿ ಹಂಚಿದ್ದಾರೆ, ಅಂಕಿ ಹೆಚ್ಚಿದಷ್ಟೂ ಚಳಿ ಕಡಿಮೆ. ಗಿಡದ ಚೀಟಿಯಲ್ಲಿ ‘ವಲಯ 5’ ಅಂತ ಇತ್ತು. ಅಂದರೆ ಸೊನ್ನೆಗಿಂತ ಸುಮಾರು 29 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಡೆಯುವ ಗಿಡ. ನಮ್ಮೂರು 6ನೇ ವಲಯ. ಆ ವರ್ಷ ಅಂಥ ಚಳಿ ಇಲ್ಲಿಗೆ ಬರಲೇ ಇಲ್ಲ. ನಮ್ಮ ಬೀದಿಯ ಹಿಂದಿನ ಗುಡ್ಡದಲ್ಲಿ ಯಾರೂ ನೋಡಿಕೊಳ್ಳದ ಕಾಡು ಲಾರೆಲ್‌ಗಳು ಹಸಿರಾಗಿಯೇ ಇದ್ದವು. ಇಷ್ಟು ಕಣ್ಣೆದುರಿಗೆ ಇರುವಾಗ ಚಳಿಯ ಮೇಲೆ ಹೇಗೆ ಹಾಕುತ್ತಾರೆ?

ಸತ್ತ ಗಿಡವೊಂದನ್ನು ಅಗೆಸಿ ನೋಡಿದೆವು. ಕಾಂಡದ ಬುಡ ನಾಲ್ಕು ಬೆರಳು ಆಳಕ್ಕೆ ಮಣ್ಣಿನಲ್ಲಿ ಹೂತಿತ್ತು. ಬೇರಿನ ಉಂಡೆಗೆ ಸುತ್ತಿದ್ದ ನೈಲಾನ್ ಗೋಣಿ, ತಂತಿ ಎರಡೂ ಹಾಗೇ ಇದ್ದವು. ಹೊಸ ಬೇರು ಒಂದೂ ಹೊರಗೆ ಬಂದಿರಲಿಲ್ಲ. ಸುತ್ತ ಅಂಟು ಮಣ್ಣು. ಗುಣಿಯಲ್ಲಿ ನೀರು ನಿಂತು ಬೇರು ಕಪ್ಪಾಗಿ ಕೊಳೆತಿತ್ತು. ಉಗುರಿನಲ್ಲಿ ಕೆರೆದರೆ ಬೇರಿನ ಸಿಪ್ಪೆ ಸುಲಿದು ಬರುತ್ತಿತ್ತು.

ಲಾರೆಲ್‌ನ ಬೇರು ತುಂಬಾ ಸಣ್ಣದು, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಅದಕ್ಕೆ ಗಾಳಿ ಆಡಬೇಕು. ಆಳದಲ್ಲಿ ಹೂತರೆ ಉಸಿರು ಕಟ್ಟುತ್ತದೆ. ಬೇರಿನ ಉಂಡೆಯ ಮೇಲ್ಭಾಗ ಸುತ್ತಲಿನ ನೆಲಕ್ಕಿಂತ ಎರಡು ಬೆರಳು ಎತ್ತರಕ್ಕೇ ಇರಬೇಕು. ಕನೆಕ್ಟಿಕಟ್‌ನ ಯೂನಿಯನ್ ಊರಿನ ಹತ್ತಿರ ನಿಪ್‌ಮಕ್ ಸರ್ಕಾರಿ ಕಾಡಿನಲ್ಲಿ ಲಾರೆಲ್‌ಗೆಂದೇ ಕಾಪಾಡಿರುವ ಜಾಗವಿದೆ. ಜೂನ್‌ನಲ್ಲಿ ಒಮ್ಮೆ ಹೋಗಿ ಬನ್ನಿ. ಕಲ್ಲು ಮಣ್ಣು, ನೀರು ನಿಲ್ಲದ ನೆಲ, ತಲೆ ಮೇಲೆ ಮರಗಳ ತೆಳು ನೆರಳು, ಕೆಳಗೆ ಕೊಳೆಯುತ್ತಿರುವ ತರಗೆಲೆ. ಈ ಗಿಡ ಎಂಥ ಕಡೆ ಸುಖವಾಗಿರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ದೊಡ್ಡ ತಪ್ಪು ಸುಣ್ಣದ್ದು. ಲಾರೆಲ್‌ಗೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿ ಅಳೆಯುವ ಅಂಕಿ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.5ರಿಂದ 5.5ರ ಆಸುಪಾಸು. ಸುಣ್ಣ ಆ ಹುಳಿಯನ್ನು ಕಳೆಯುತ್ತದೆ. ನಮ್ಮ ಗಿಡಗಳನ್ನು ನೆಟ್ಟದ್ದು ಮನೆಯ ಕಾಂಕ್ರೀಟ್ ತಳಪಾಯಕ್ಕೆ ಒತ್ತಿಕೊಂಡು. ಕಾಂಕ್ರೀಟಿನಿಂದ ಸುಣ್ಣದ ಅಂಶ ಮಣ್ಣಿಗೆ ಇಳಿಯುತ್ತಲೇ ಇರುತ್ತದೆ. ಸಾಲದ್ದಕ್ಕೆ ಅದೇ ಕಂಪನಿಯವರು ಹುಲ್ಲಿನ ಹಾಸಿಗೂ ಸುಣ್ಣ ಎರಚಿದ್ದರು. ಅವರದೇ ಬಿಲ್ಲಿನಲ್ಲಿ ಅದು ಬರೆದಿದೆ. ಮಳೆ ಬಂದಾಗ ಇಳಿಜಾರಿನಲ್ಲಿ ಅದೆಲ್ಲ ಗಿಡದ ಬುಡಕ್ಕೆ ಬಂತು. ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ 7 ದಾಟಿತ್ತು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ನಮ್ಮ ಗಿಡಗಳು ಹಿಮ ಬೀಳುವ ಮುಂಚೆಯೇ ಹಾಗಾಗಿದ್ದವು. ಆಗಲೇ ಫೋನ್ ಮಾಡಿದ್ದೆ. ‘ಹೊಸ ಗಿಡ ಅಲ್ವಾ, ಸರಿಹೋಗುತ್ತೆ’ ಅಂದರು.

ನಿಜವಾದ ಚಳಿಗಾಳಿಯ ಹಾನಿ ಬೇರೆ ಥರ ಕಾಣುತ್ತದೆ. ಗಾಳಿ ಬಡಿಯುವ ಕಡೆ ಅಥವಾ ಬಿಸಿಲು ಬೀಳುವ ಕಡೆಯ ಎಲೆಗಳ ಅಂಚು, ತುದಿ ಕಂದಾಗುತ್ತವೆ. ಬೇರು ಚೆನ್ನಾಗಿಯೇ ಇರುತ್ತದೆ. ಕೊಂಬೆ ಕೆರೆದರೆ ಒಳಗೆ ಹಸಿರು ಕಾಣುತ್ತದೆ, ವಸಂತದಲ್ಲಿ ಚಿಗುರುತ್ತದೆ. ಇಡೀ ಗಿಡ ಸೊರಗಿ, ಬುಡದ ಹತ್ತಿರ ಕೆರೆದಾಗಲೂ ಕಂದು ಕಂಡರೆ ಮೊದಲು ಬೇರು ನೋಡಿ.

ಅವರು ಹೇಳದೆ ಬಿಟ್ಟ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿತು. ಈ ಗಿಡ ವಿಷ. ಎಲೆ, ಹೂವು, ಮಕರಂದ ಎಲ್ಲದರಲ್ಲೂ ಗ್ರಯಾನೋಟಾಕ್ಸಿನ್ ಇದೆ. ತಿಂದರೆ ಜೊಲ್ಲು, ವಾಂತಿ, ಎದೆಬಡಿತ ನಿಧಾನವಾಗುವುದು, ರಕ್ತದೊತ್ತಡ ಇಳಿಯುವುದು. ನಾಯಿ, ಆಡು, ಕುರಿಗಳಿಗೂ ಅಪಾಯ. ಊರಿಂದ ಬಂದ ಅಪ್ಪ ಅಮ್ಮ ಬೇಸಿಗೆಯಲ್ಲಿ ನಮ್ಮ ಜೊತೆ ಇರುತ್ತಾರೆ. ಬೆಳಗ್ಗೆ ಎದ್ದು ಅಂಗಳದ ಹೂವನ್ನು ದೇವರಿಗೆ ಕೊಯ್ಯುತ್ತಾರೆ. ಎಲೆ ನೋಡಲು ಪಲಾವ್ ಎಲೆಯ ಹಾಗೇ ಇದೆ. ಒಣಗಿಸಿ ಅಡುಗೆಗೆ ಹಾಕಿದರೆ ಗತಿ ಏನು? ಮನೆಗೆ ಬಂದವರಿಗೆಲ್ಲ ಮೊದಲೇ ಹೇಳಿಬಿಡಿ. ಹೂವನ್ನು ತೀರ್ಥದ ನೀರಿಗೆ ಹಾಕಲೇಬಾರದು. ಮಗು ಏನಾದರೂ ಬಾಯಿಗೆ ಹಾಕಿಕೊಂಡರೆ ಅಮೆರಿಕದಲ್ಲಿ ವಿಷ ಸಹಾಯವಾಣಿ 1-800-222-1222.

ನೆಡಿಸಲೇಬೇಕು ಅಂದರೆ ಗುತ್ತಿಗೆಗೆ ಸಹಿ ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ನ್ಯೂ ಹೇವನ್‌ನಲ್ಲಿರುವ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರ 1875ರಿಂದ ಇದೆ, ಅಲ್ಲಿ ಮನೆತೋಟದ ಮಣ್ಣನ್ನೂ ನೋಡುತ್ತಾರೆ. ತಳಪಾಯದಿಂದ ದೂರ, ನೀರು ಬಸಿಯುವ ಜಾಗ ತೋರಿಸಿ. ಅಂಟು ಮಣ್ಣಾದರೆ ಏರಿ ಮಾಡಿಸಿ. ತಂತಿ, ನೈಲಾನ್ ಬಿಚ್ಚಿ ತೆಗೆಯಬೇಕು ಅಂತ ಕಾಗದದಲ್ಲೇ ಬರೆಸಿ. ಹತ್ತಿರದಲ್ಲಿ ಸುಣ್ಣ ಎರಚಬಾರದು ಅಂತಲೂ ಬರೆಸಿ. ಬುಡದ ಸುತ್ತ ಪೈನ್ ಸೂಜಿಎಲೆ ಅಥವಾ ತರಗೆಲೆ ತೆಳ್ಳಗೆ ಹರಡಿದರೆ ಸಾಕು, ಕಾಂಡಕ್ಕೆ ತಾಗಬಾರದು. ಬುಡ ಕೆದಕುವುದು ಬೇಡ.

ಗ್ಯಾರಂಟಿಯಲ್ಲಿ ‘ಚಳಿಯ ಹಾನಿ ಸೇರಿಲ್ಲ’ ಅನ್ನುವ ಸಾಲಿದ್ದರೆ, ಚೀಟಿಯಲ್ಲಿರುವ ವಲಯಕ್ಕಿಂತ ಕೆಳಗಿನ ಚಳಿ ಬಂದರೆ ಮಾತ್ರ ಅದು ಅನ್ವಯ ಅಂತ ತಿದ್ದಿಸಿ. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ನೆಡುವ ದಿನ ಮನೆಯಲ್ಲೇ ಇರಿ. ಗುಣಿಗೆ ಮಣ್ಣು ಎಳೆಯುವ ಮುಂಚೆ ಪ್ರತಿ ಗಿಡದ ಬೇರಿನ ಉಂಡೆಯ ಫೋಟೋ ತೆಗೆದಿಡಿ. ನಮ್ಮ ಹತ್ತಿರ ಅಂಥ ಫೋಟೋ ಇರಲಿಲ್ಲ ಅನ್ನುವುದನ್ನೇ ಅವರು ಹಿಡಿದುಕೊಂಡರು.