ಯಾಶಿಕಾ-ಡಿ: ಆ ಗಾಜೊಂದು ಬೆಳಗಿದ್ದಿದ್ದರೆ

ನೋಡಲೊಂದು, ಚಿತ್ರ ತೆಗೆಯಲೊಂದು ಎಂದು ಎರಡು ಲೆನ್ಸ್ ಇರುವ ಹಳೇ ಟ್ವಿನ್ ಲೆನ್ಸ್ ಕ್ಯಾಮೆರಾ ಬೇಕೆನ್ನುವವರು ಮೊದಲು ಜರ್ಮನಿಯ ರೋಲೈಫ್ಲೆಕ್ಸ್ ನೋಡಿ ಕಣ್ಣರಳಿಸುತ್ತಾರೆ, ಆಮೇಲೆ ಬೆಲೆ ನೋಡಿ ಜಪಾನಿನ ಕಡೆ ತಿರುಗುತ್ತಾರೆ. ನಾನೂ ಅದೇ ದಾರಿ ಹಿಡಿದವನು. ಯಾಶಿಕಾದಲ್ಲೂ ಎಲ್ಲರೂ ಕೇಳುವುದು ಮ್ಯಾಟ್-124ಜಿ. ಅದಕ್ಕೆ ಫಿಲ್ಮ್ ಸುತ್ತುವ ಕ್ರ್ಯಾಂಕ್ ಇದೆ, ಬೆಳಕು ಅಳೆಯುವ ಮೀಟರ್ ಇದೆ, ಹೆಸರಿದೆ, ಹಾಗಾಗಿ ಬೆಲೆಯೂ ಇದೆ. ಆ ಮೀಟರ್‌ಗೆಂದು ಮಾಡುತ್ತಿದ್ದ ಪಾದರಸದ ಬ್ಯಾಟರಿ ಈಗ ತಯಾರಾಗುವುದೇ ಇಲ್ಲ ಅನ್ನುವುದು ಬೇರೆ ಮಾತು. ಡಿ ಮಾಡೆಲ್‌ಗೆ ಇದ್ಯಾವುದೂ ಇಲ್ಲ. ಗುಂಡಿ ತಿರುಗಿಸಿ ಫಿಲ್ಮ್ ಮುಂದೆ ಸರಿಸಬೇಕು, ಶಟರನ್ನು ಪ್ರತ್ಯೇಕವಾಗಿ ಏರಿಸಬೇಕು, ಅಂದರೆ ಅದರ ಸ್ಪ್ರಿಂಗ್ ಬಿಗಿ ಮಾಡಬೇಕು, ಬೆಳಕಿನ ಲೆಕ್ಕ ನಾವೇ ಹಾಕಬೇಕು. ಅದಕ್ಕೇ ಅಗ್ಗ, ಅದಕ್ಕೇ ನನ್ನ ಕೈಗೆ ಬಂತು. ಕೊಂಡು ವರ್ಷ ದಾಟಿದೆ.

ಹೊಗಳಿಕೆಯನ್ನು ಮೊದಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ಗೊಣಗಾಟ ಸ್ವಲ್ಪ ಉದ್ದವಿದೆ.

ಫಿಲ್ಮ್ ಹಾಕುವ ಕೆಲಸವೇ ನನಗೆ ಅರ್ಧ ಸುಖ. ಖಾಲಿ ಸ್ಪೂಲ್ ಮೇಲೆ, ಹೊಸ ರೋಲ್ ಕೆಳಗೆ. ಫಿಲ್ಮಿನ ಬೆನ್ನಿಗಿರುವ ಕಾಗದದ ತುದಿಯನ್ನು ಮೇಲಿನ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಕಾಗದದ ಮೇಲಿನ ಬಾಣ ಒಳಗಿನ ಗುರುತಿಗೆ ನೇರ ಬರುವವರೆಗೆ ಮೆಲ್ಲಗೆ ಸುತ್ತಬೇಕು. ಹಿಂಬದಿ ಮುಚ್ಚಿ ಮತ್ತೆ ಸುತ್ತಿದರೆ 1 ಬಂದಾಗ ಗುಂಡಿ ತಾನೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಗುಂಡಿಯ ನಡುವಿನ ಬಟನ್ ಒತ್ತು, ತಿರುಗಿಸು, ಅದು ನಿಲ್ಲುವಲ್ಲಿ ನೀನೂ ನಿಲ್ಲು. ಯಾಶಿಕಾ ಕಂಪನಿ 1949ರಲ್ಲಿ ಜಪಾನಿನ ನಾಗಾನೊ ಪ್ರಾಂತ್ಯದ ಸುವಾದಲ್ಲಿ ಹುಟ್ಟಿದಾಗ ಮಾಡುತ್ತಿದ್ದುದು ಗಡಿಯಾರದ ಬಿಡಿಭಾಗಗಳನ್ನು. ಆ ಗುಂಡಿ ಹಲ್ಲು ಹಲ್ಲಾಗಿ ತಿರುಗುವಾಗ ಈ ಸಂಗತಿ ನೆನಪಾಗಿ ನನಗೆ ಸುಮ್ಮನೆ ಖುಷಿಯಾಗುತ್ತದೆ. ಹನ್ನೆರಡು ಚಿತ್ರ ಮುಗಿದ ಮೇಲೆ ಕಾಗದವೆಲ್ಲ ಮೇಲಕ್ಕೆ ಸುತ್ತಿಕೊಂಡು ಗುಂಡಿ ಹಗುರಾಗುತ್ತದೆ. ರೋಲ್ ತೆಗೆದು, ತುದಿ ಒಳಕ್ಕೆ ಮಡಿಚಿ, ಅಂಟುಪಟ್ಟಿ ಒದ್ದೆ ಮಾಡಿ ಬಿಗಿಯಾಗಿ ಅಂಟಿಸಬೇಕು. ನೀರು ಮುಟ್ಟಿಸಿದರೂ ನಡೆಯುತ್ತದೆ. ನಾನು ನೆಕ್ಕುವ ಪಂಗಡದವನು. ಕೆಳಗೆ ಖಾಲಿಯಾದ ಸ್ಪೂಲ್ ಮೇಲಿನ ಮನೆಗೆ ಬಡ್ತಿ ಪಡೆಯುತ್ತದೆ.

ಇನ್ನೊಂದು ಜಾಣತನವಿದೆ. ಶಟರ್ ವೇಗ ಮತ್ತು ಅಪರ್ಚರ್ (ಬೆಳಕು ಒಳಬರುವ ರಂಧ್ರದ ಅಗಲ) ಎರಡೂ ಮೇಲಿನ ಲೆನ್ಸಿನ ನೆತ್ತಿಯ ಪುಟ್ಟ ಕಿಂಡಿಯಲ್ಲಿ ಕಾಣುತ್ತವೆ. ಕತ್ತು ಬಗ್ಗಿಸಿ, ಕ್ಯಾಮೆರಾದ ಮೇಲ್ಗಡೆ ಬಿಂಬ ಮೂಡುವ ಮಸುಕು ಗಾಜು ನೋಡುತ್ತಿರುವಾಗ ಕಣ್ಣನ್ನು ತುಸು ಮುಂದಕ್ಕೆ ಹೊರಳಿಸಿದರೆ ಸಾಕು. ಶಟರ್ ಕೋಪಾಲ್ ಕಂಪನಿಯ ಎಂಎಕ್ಸ್‌ವಿ, ಒಂದು ಸೆಕೆಂಡಿನಿಂದ 1/500ರವರೆಗೆ. ಸದ್ದು ಎಷ್ಟು ಸಣ್ಣದೆಂದರೆ ಎದುರಿಗಿದ್ದವರು ‘ಆಯ್ತಾ?’ ಎಂದು ಕೇಳುತ್ತಾರೆ. ಒಳಗೆ ಕನ್ನಡಿ ಎಗರುವುದಿಲ್ಲವಾದ್ದರಿಂದ ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು ಹಿಡಿದರೆ 1/15ರಲ್ಲೂ ಕೈ ಅಲುಗಾಟ ಕಾಣದ ಚಿತ್ರ ಸಿಗುತ್ತದೆ. 1/500 ಬೇಕಿದ್ದರೆ ಮಾತ್ರ ಶಟರ್ ಏರಿಸುವ ಮೊದಲೇ ಅಲ್ಲಿಗೆ ತಿರುಗಿಸಿಕೊಳ್ಳಿ. ಏರಿಸಿದ ಮೇಲೆ ಬಲವಂತ ಬೇಡ. ಸೆಲ್ಫ್ ಟೈಮರ್ ಮುಟ್ಟಲೇಬೇಡಿ. ಇಷ್ಟು ವಯಸ್ಸಾದ ಶಟರ್ ಅಲ್ಲಿ ಸಿಕ್ಕಿಕೊಂಡರೆ ಬಿಚ್ಚುವುದೊಂದೇ ಗತಿ.

ಲೆನ್ಸ್ ಬಗ್ಗೆ ಎರಡೇ ಮಾತು. ನನ್ನದರಲ್ಲಿರುವುದು ಮೂರು ಗಾಜಿನ ಯಾಶಿಕಾರ್. ಕೊನೆಕೊನೆಯ ಡಿಗಳಲ್ಲಿ ನಾಲ್ಕು ಗಾಜಿನ ಯಾಶಿನಾನ್ ಬಂತು, ಜನ ಅದಕ್ಕೆ ಹೆಚ್ಚು ಕೊಡುತ್ತಾರೆ. ಅಪರ್ಚರ್ ಪೂರ್ತಿ ತೆರೆದ ಎಫ್/3.5ರಲ್ಲಿ ಯಾಶಿಕಾರ್‌ನ ಅಂಚುಗಳು ಕರಗುತ್ತವೆ, ಕಿರಿದಾಗಿಸಿ ಎಫ್/8ಕ್ಕೆ ಬಂದರೆ ದೂರುವ ಹಾಗಿಲ್ಲ. ನಾನು ತೆಗೆಯುವುದು ಮುಖಗಳನ್ನು, ಅಂಚು ಕರಗಿದರೆ ನನಗೆ ಲಾಭವೇ. ಕಟ್ಟಡ ತೆಗೆಯುವವರು ಯಾಶಿನಾನ್ ಹುಡುಕಿಕೊಳ್ಳಲಿ.

ಈಗ ಮೇಲಿನ ಮಸುಕು ಗಾಜಿನ ವಿಷಯ.

ಹೊರಗೆ ಬಿಸಿಲಿನಲ್ಲಿ ಹುಡ್ (ಗಾಜಿನ ಮೇಲಿನ ಮಡಿಚುವ ಮುಚ್ಚಳ) ತೆರೆದು ನೋಡಿದರೆ ಈ ಕ್ಯಾಮೆರಾ ಯಾರನ್ನಾದರೂ ಮರುಳು ಮಾಡುತ್ತದೆ. ಎಡಬಲ ಅದಲುಬದಲಾದ ಪುಟ್ಟ ಚೌಕದೊಳಗೆ ಮರ, ಸೈಕಲ್, ನಡೆದುಹೋಗುವ ಮನುಷ್ಯ. ಕೊಂಡ ಹೊಸದರಲ್ಲಿ ಫಿಲ್ಮ್ ಇಲ್ಲದಿದ್ದಾಗಲೂ ಅದರೊಳಗೆ ಇಣುಕುತ್ತ ಕೂತಿದ್ದುಂಟು. ಆದರೆ ನನ್ನ ಚಟ ಬೇರೆ. ನಾನು ಚಿತ್ರ ತೆಗೆಯುವುದು ಮನೆಯೊಳಗೆ, ಇಳಿಹೊತ್ತಿನಲ್ಲಿ, ಕಿಟಕಿ ಪಕ್ಕ ಕೂತ ಹಿರಿಯರನ್ನು. ಅಲ್ಲಿ ಇದೇ ಗಾಜು ಕೆಸರುನೀರಿನ ಹೊಂಡದಂತಾಗುತ್ತದೆ. ನಡುವೆ ಒಂದಿಷ್ಟು ಬೆಳಕು, ಮೂಲೆಗಳಲ್ಲಿ ಕತ್ತಲೆ. ಕಣ್ಣಿನ ರೆಪ್ಪೆ ಎಲ್ಲಿ, ಕಿವಿ ಎಲ್ಲಿ ಎಂದು ತಡಕಾಡುವಷ್ಟರಲ್ಲಿ ಕೂತವರಿಗೆ ಬೇಸರ ಬಂದಿರುತ್ತದೆ. ಐದಡಿ ದೂರದಲ್ಲಿ ಎಫ್/3.5 ಇಟ್ಟರೆ ಸ್ಪಷ್ಟವಾಗಿ ಬರುವುದು ಅರ್ಧ ಗೇಣಿನಷ್ಟು ಆಳ ಮಾತ್ರ. ಅದನ್ನು ಕತ್ತಲೆಯಲ್ಲಿ ಹುಡುಕು ಅಂದರೆ ಹೇಗೆ? ಒಂದಿಡೀ ರೋಲ್ ಕಣ್ಣಿನ ಬದಲು ಕಿವಿಗಳನ್ನು ಸ್ಪಷ್ಟವಾಗಿ ತೋರಿಸಿದಾಗ, ಮಾರಿಬಿಡೋಣ ಎಂದುಕೊಂಡಿದ್ದು ನಿಜ.

ಇದನ್ನು ತಯಾರಕರ ತಲೆಗೆ ಕಟ್ಟುವಂತಿಲ್ಲ. ಬರೀ ಮಸುಕು ಗಾಜು ಇದ್ದ ಕಡೆಯೆಲ್ಲ ಅಂಚಿಗೆ ಬಿದ್ದ ಬೆಳಕು ಓರೆಯಾಗಿ ಹೊರಕ್ಕೇ ಹೋಗುತ್ತದೆ, ನಮ್ಮ ಕಣ್ಣಿಗೆ ಬರುವುದಿಲ್ಲ. ಅದನ್ನು ಒಳಕ್ಕೆ ಬಗ್ಗಿಸಲೆಂದೇ ಫ್ರೆನೆಲ್ ಎಂಬ ಗೆರೆಗೆರೆಯ ತೆಳು ಲೆನ್ಸ್ ಇಡುವುದು. ಜೊತೆಗೆ, ಮೇಲಿನ ಲೆನ್ಸಿನ ಬೆಳಕನ್ನು ಗಾಜಿನತ್ತ ತಿರುಗಿಸುವ ಕನ್ನಡಿ. ಇದರ ಬೆಳ್ಳಿಲೇಪ ಗಾಜಿನ ಹಿಂದಲ್ಲ, ಮೇಲ್ಮೈಯಲ್ಲೇ ಇರುತ್ತದೆ. ದಶಕಗಳ ತೇವ, ಧೂಳು ನೇರ ಅದರ ಮೇಲೇ. ನನ್ನದರ ಕನ್ನಡಿಯಲ್ಲಿ ಕಂದು ಕಲೆಗಳಿದ್ದವು. ಮಾರುವವರು ಲೆನ್ಸಿನ ಚಿತ್ರ ಹತ್ತು ಕೋನದಿಂದ ಹಾಕುತ್ತಾರೆ, ಮೇಲಿನ ಗಾಜಿನ ಚಿತ್ರ ಒಂದೂ ಇರುವುದಿಲ್ಲ. ಕೊಳ್ಳುವ ಮುಂಚೆ ಅದನ್ನೇ ಕೇಳಿ, ಅದೂ ಮನೆಯೊಳಗೆ ತೆಗೆದದ್ದನ್ನು.

ಹುಡ್‌ನ ಸ್ಕ್ರೂ ಬಿಚ್ಚಿದರೆ ಗಾಜು ಕೈಗೆ ಬರುತ್ತದೆ. ಅದನ್ನು ಸೋಪುನೀರಿನಲ್ಲಿ ತೊಳೆದು, ಉಜ್ಜಿದ ಮುಖ ಕೆಳಗೆ ಮಾಡಿ ಮತ್ತೆ ಕೂರಿಸಬಹುದು. ಕನ್ನಡಿಗೆ ಮಾತ್ರ ಬಟ್ಟೆ ತಾಗಿಸಬೇಡಿ, ಲೇಪ ಎದ್ದು ಬರುತ್ತದೆ. ಮನೆಯ ಕನ್ನಡಿ ಕತ್ತರಿಸಿ ಹಾಕುವ ಯೋಚನೆಯೂ ಬೇಡ. ಲೇಪ ಹಿಂದಿರುವುದರಿಂದ ಬಿಂಬ ಎರಡೆರಡಾಗಿ ಕಾಣುತ್ತದೆ, ಫೋಕಸ್ ಕೂಡ ಸರಿಯುತ್ತದೆ. ನಾನು ಮೇಲ್ಮೈ ಲೇಪದ ಹೊಸ ಕನ್ನಡಿ ಹಾಕಿಸಿದೆ. ನಡುಭಾಗ ಬೆಳಗಿತು. ಮೂಲೆಗಳು ಹಾಗೇ ಇವೆ.

ಅಲ್ಲಿಂದ ಮುಂದೆ ಗಾಜಿನ ಜೊತೆ ಜಗಳ ಬಿಟ್ಟು ದಾರ ಹಿಡಿದೆ. ಕ್ಯಾಮೆರಾ ಪಟ್ಟಿಗೆ ಒಂದು ಹತ್ತಿಯ ದಾರ ಕಟ್ಟಿದ್ದೇನೆ, ಐದಡಿಗೆ ಒಂದು ಗಂಟು, ಏಳಡಿಗೆ ಇನ್ನೊಂದು. ಫೋಕಸ್ ಗುಂಡಿಯ ಮೇಲೆ ದೂರದ ಅಂಕಿಗಳಿವೆಯಲ್ಲ, ಅಲ್ಲಿ ಐದು ಇಟ್ಟು, ಕೂತವರ ಕೈಗೆ ದಾರದ ತುದಿ ಕೊಟ್ಟು ‘ಕಣ್ಣಿನ ಪಕ್ಕ ಹಿಡ್ಕೊಳ್ಳಿ’ ಎನ್ನುತ್ತೇನೆ. ದಾರ ಬಿಗಿಯಾದರೆ ಫೋಕಸ್ ಆಯಿತು. ಕೆಲಸಕ್ಕೆಂದು ಮಾಡಿಕೊಂಡ ಉಪಾಯ, ಆದರೆ ಅದರ ಮಜಾ ಬೇರೆಯೇ ಕಡೆ ಸಿಕ್ಕಿತು: ಕ್ಯಾಮೆರಾ ಕಂಡರೆ ಸೆಟೆದು ಕೂರುವವರು ದಾರ ಹಿಡಿಯುವಾಗ ನಗುತ್ತಾರೆ. ದರ್ಜಿ ಅಳತೆ ತಗೊಂಡ ಹಾಗಾಯ್ತು ಎಂದು ಒಬ್ಬರು ಗೇಲಿ ಮಾಡಿದರು. ಅವರು ದಾರ ಬಿಟ್ಟು, ನಗು ಇನ್ನೂ ಆರದ ಕ್ಷಣದಲ್ಲಿ ಶಟರ್ ಒತ್ತಿಬಿಡುತ್ತೇನೆ. ನನ್ನಲ್ಲಿರುವ ಒಳ್ಳೆಯ ಮುಖಚಿತ್ರಗಳೆಲ್ಲ ಹಾಗೆ ಬಂದವೇ. ಗಾಜು ಚೆನ್ನಾಗಿದ್ದಿದ್ದರೆ ದಾರ ಕಟ್ಟುವ ಗೋಜಿಗೇ ಹೋಗುತ್ತಿರಲಿಲ್ಲ. ಹತ್ತಿರದಿಂದ ತೆಗೆಯುವಾಗ ತಲೆಯ ಮೇಲೆ ತುಸು ಹೆಚ್ಚು ಜಾಗ ಬಿಡಿ; ಚಿತ್ರ ತೆಗೆಯುವ ಲೆನ್ಸ್ ನೋಡುವ ಲೆನ್ಸಿನ ಕೆಳಗಿದೆ, ನೀವು ಕಂಡ ನೆತ್ತಿ ಅದಕ್ಕೆ ಕಾಣದೆ ಹೋಗಬಹುದು.

ಮನೆಯೊಳಗೆ ಓಡಾಡುವ ಮಕ್ಕಳ ಚಿತ್ರ ಬೇಕೆನ್ನುವವರಿಗೆ ಇದನ್ನು ಖಂಡಿತ ಹೇಳಲಾರೆ. ದಾರ ಹಿಡಿದು ನಿಲ್ಲುವ ಮಗುವನ್ನು ನಾನಿನ್ನೂ ನೋಡಿಲ್ಲ. ಖರ್ಚೂ ನೋಡಿಕೊಳ್ಳಿ. ಕ್ಯಾಮೆರಾ ಅಗ್ಗ ನಿಜ, ಆದರೆ ಒಂದು 120 ಅಳತೆಯ ರೋಲಿಗೆ ಹನ್ನೆರಡೇ ಚಿತ್ರ. ತೊಳೆಸಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಒಂದೊಂದು ಚಿತ್ರವೂ ಜೇಬಿಗೆ ತಟ್ಟುತ್ತದೆ. ನಾನು ಕಪ್ಪುಬಿಳುಪಿಗೇ ಅಂಟಿಕೊಂಡು ಮನೆಯಲ್ಲೇ ತೊಳೆಯುವುದು ಅದಕ್ಕೆ.

ಹಳೇ ಗಾಜಿನ ಬದಲು ಹೆಚ್ಚು ಬೆಳಗುವ ಬ್ರೈಟ್ ಸ್ಕ್ರೀನ್ ಹಾಕಿಸು, ಎಲ್ಲ ಸರಿಹೋಗುತ್ತದೆ ಎಂದು ಬಲ್ಲವರು ಈಗಲೂ ಹೇಳುತ್ತಿರುತ್ತಾರೆ. ಸರಿಹೋಗಲೂಬಹುದು. ಆದರೆ ನಾನು ವಿಚಾರಿಸಿದ ಸ್ಕ್ರೀನಿನ ಬೆಲೆ ಕ್ಯಾಮೆರಾಗೆ ಕೊಟ್ಟ ಬೆಲೆಯ ಹತ್ತಿರ ಹತ್ತಿರ ಇತ್ತು. ಅದರ ದಪ್ಪ ಬೇರೆಯಾದರೆ ಫೋಕಸ್ ಎಲ್ಲ ಮತ್ತೆ ಹೊಂದಿಸಬೇಕು. ಆ ದುಡ್ಡಿಗೆ ಎಷ್ಟು ರೋಲ್ ಬರುತ್ತದೆಂದು ಕೂತು ಲೆಕ್ಕ ಹಾಕಿದೆ, ಫಿಲ್ಮನ್ನೇ ತರಿಸಿದೆ.